ಕೋಹಾ ಫೀಡ್‌ನ ಲಿಂಕ್ ಹೊರಗಡೆ ತೆರೆಯದಿದ್ದರೆ

ತುಮಕೂರಿನ ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳ ವಿಷಯ ತಿಳಿಸಲು ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್‌ನ ಆರ್‌ಎಸ್‌ಎಸ್ ಫೀಡ್ (ಆ್ಯಪ್‌ನಲ್ಲಿ ತಾನಾಗಿ ಹೊಸದಾಗುವ ಪಟ್ಟಿ) ಬಳಸುತ್ತೇವೆ. ಪುಸ್ತಕದ ಹೆಸರುಗಳು ಸರಿಯಾಗಿಯೇ ಬರುತ್ತಿದ್ದವು. ಹೆಸರಿನ ಮೇಲೆ ಒತ್ತಿದರೆ ಗ್ರಂಥಾಲಯದ ವೈಫೈನಲ್ಲಿ ಪುಟ ತೆರೆಯುತ್ತಿತ್ತು, ಹಾಸ್ಟೆಲ್ ಹುಡುಗರ ಮೊಬೈಲ್ ಡೇಟಾದಲ್ಲಿ ಮಾತ್ರ ಇಲ್ಲ.

ಫೀಡ್ ಓದುವ ಆ್ಯಪ್ ಬದಲಿಸಿದೆವು, ಕ್ಯಾಶ್ ಅಳಿಸಿದೆವು, ಸರ್ವರ್ ರೀಸ್ಟಾರ್ಟ್ ಮಾಡಿದೆವು. ಏನೂ ಉಪಯೋಗವಾಗಲಿಲ್ಲ.

ಫೀಡನ್ನು ಬ್ರೌಸರ್‌ನಲ್ಲಿ ತೆರೆದು ಪೇಜ್ ಸೋರ್ಸ್ ನೋಡಿದಾಗ ಕಾರಣ ಸಿಕ್ಕಿತು. ಪ್ರತಿ ಲಿಂಕೂ 192.168 ಅಂತ ಶುರುವಾಗುತ್ತಿತ್ತು. ಅದು ಒಳಗಿನ ನೆಟ್‌ವರ್ಕ್‌ನ ವಿಳಾಸ, ಹೊರಗೆ ನಡೆಯಲ್ಲ. ನಿಮಗೂ ಇದೇ ತೊಂದರೆಯಿದ್ದರೆ ಮೊದಲು ಇದನ್ನೇ ನೋಡಿ, ಸುಮ್ನೆ ಆ್ಯಪ್ ಬದಲಿಸಬೇಡಿ.

ಕೋಹಾದ ಅಡ್ಮಿನಿಸ್ಟ್ರೇಷನ್‌ನಲ್ಲಿ ಸಿಸ್ಟಮ್ ಪ್ರಿಫರೆನ್ಸಸ್‌ಗೆ ಹೋಗಿ 'ಓಪ್ಯಾಕ್‌ಬೇಸ್‌ಯುಆರ್‌ಎಲ್' (OPACBaseURL) ಹುಡುಕಿ. ಓಪ್ಯಾಕ್ ಅಂದರೆ ಓದುಗರು ನೋಡುವ ಆನ್‌ಲೈನ್ ಕ್ಯಾಟಲಾಗ್. ಅಲ್ಲಿ ಕ್ಯಾಟಲಾಗ್‌ನ ಹೊರಗಿನ ವಿಳಾಸವನ್ನು ಪೂರ್ತಿ ಹಾಕಿ. ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಬಿಡಬಾರದು, ಕೊನೆಯಲ್ಲಿ ಸ್ಲ್ಯಾಷ್ ಇರಬಾರದು. ಸೇವ್ ಮಾಡಿ. ಜೊತೆಗೆ 'ಓಪ್ಯಾಕ್‌ಪಬ್ಲಿಕ್' (OpacPublic) ಚಾಲೂ ಇದೆಯಾ ನೋಡಿ. ಇಲ್ಲದಿದ್ದರೆ ಆ್ಯಪ್‌ಗೆ ಫೀಡ್ ಬದಲು ಲಾಗಿನ್ ಪುಟ ಸಿಗುತ್ತದೆ.

ಇಷ್ಟಾದ ಮೇಲೂ ಹಳೆಯ ಲಿಂಕೇ ಕಾಣಬಹುದು, ಆ್ಯಪ್ ಅದನ್ನು ಇಟ್ಟುಕೊಂಡಿರುತ್ತದೆ. ಫೀಡ್ ತೆಗೆದು ಮತ್ತೆ ಸೇರಿಸಿ.