ಜೇನುಕಲ್ಲು ಗುಡ್ಡದ ಸೂರ್ಯಾಸ್ತ: ಟೂರ್ ಗೊತ್ತುಮಾಡುವ ಮೊದಲು ನಾನು ಕೇಳುವುದು

ಸಿರ್ಸಿಗೆ ಬರುವ ನೆಂಟರಿಗೆ ಯಲ್ಲಾಪುರದ ಜೇನುಕಲ್ಲು ಗುಡ್ಡದ ಟೂರ್ ಗೊತ್ತುಮಾಡುವಾಗ ನಾನು ಮೊದಲು ದರ ಕೇಳುವುದಿಲ್ಲ, ದಿನದ ಪಟ್ಟಿ ಕೇಳುತ್ತೇನೆ. ಬೆಳಿಗ್ಗೆ ಯಾಣ, ಸಂಜೆ ಜೇನುಕಲ್ಲು ಎಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಯಾಣ ಕುಮಟಾ ದಿಕ್ಕಿಗೆ, ಜೇನುಕಲ್ಲು ಯಲ್ಲಾಪುರದಾಚೆ. ಹೊತ್ತೆಲ್ಲ ತಿರುವು ರಸ್ತೆಯಲ್ಲೇ ಕಳೆಯುತ್ತದೆ. ಬೆಳಿಗ್ಗೆ ಸಾತೊಡ್ಡಿ ಜಲಪಾತ, ಯಲ್ಲಾಪುರದಲ್ಲಿ ಊಟ, ಆಮೇಲೆ ಕವಡಿಕೆರೆ, ಮಾಗೋಡು ಜಲಪಾತ, ಕೊನೆಗೆ ಜೇನುಕಲ್ಲು ಎನ್ನುವವನಿಗೆ ದಾರಿ ಗೊತ್ತಿದೆ ಎಂದರ್ಥ.

ಆಮೇಲಿನ ಪ್ರಶ್ನೆ: ಈ ತಿಂಗಳು ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ, ಎಲ್ಲಿ ಮುಳುಗುತ್ತಾನೆ? ನವೆಂಬರ್ ಕೊನೆಗೆ ನಮ್ಮಲ್ಲಿ 6 ಗಂಟೆಗೇ ಮುಳುಗಿದರೆ, ಜನವರಿ ಕೊನೆಗೆ 6.30 ಆಗುತ್ತದೆ. "ಯಾವಾಗ್ಲೂ ಆರಕ್ಕೆ ಮುಟ್ಟಸ್ತ್ಯಾ" (ತಲುಪಿಸುತ್ತೇವೆ) ಎನ್ನುವವರನ್ನು ನಂಬಿದರೆ ನವೆಂಬರಿನಲ್ಲಿ ಸೂರ್ಯ ನೋಡಲು ಸಿಗುವುದಿಲ್ಲ. ಇಲ್ಲಿ ಎದುರಿಗಿರುವುದು ಸಮುದ್ರವಲ್ಲ, ಬೇಡ್ತಿ ಕಣಿವೆಯಾಚೆಯ ಬೆಟ್ಟದ ಸಾಲು. ಅದರ ಮೇಲೆ ಮಬ್ಬಿದ್ದರೆ ಸೂರ್ಯ ಇನ್ನೂ ಬೇಗ ಮರೆಯಾಗುತ್ತಾನೆ. ಒಂದು ಡಿಗ್ರಿ ಎತ್ತರ ಮುಚ್ಚಿದರೆ 4 ನಿಮಿಷ ಹೋಯಿತು. ಹಾಗಾಗಿ ಮುಳುಗುವ ಹೊತ್ತಿಗಿಂತ 45 ನಿಮಿಷ ಮೊದಲೇ ಮೇಲಿರಬೇಕು ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳುತ್ತೇನೆ. ಮೇಲೆ ನಿಂತು ಕೈ ಪೂರ್ತಿ ಚಾಚಿ, ಬೆಟ್ಟದ ಅಂಚಿಗೂ ಸೂರ್ಯನಿಗೂ ನಡುವೆ ಬೆರಳು ಅಡ್ಡ ಹಿಡಿದು ಎಣಿಸಿ: ಒಂದು ಬೆರಳಿಗೆ ಸುಮಾರು 8 ನಿಮಿಷ.

ಜಾಗದ ವಿಷಯ ಬಹಳ ಜನ ಕೇಳುವುದೇ ಇಲ್ಲ. ಮಾರ್ಚ್ ಮೂರನೇ ವಾರದಲ್ಲಿ ನೇರ ಪಶ್ಚಿಮಕ್ಕೆ ಮುಳುಗುವ ಸೂರ್ಯ ಡಿಸೆಂಬರಿನಲ್ಲಿ ಸುಮಾರು 24 ಡಿಗ್ರಿ ಎಡಕ್ಕೆ ಸರಿದಿರುತ್ತಾನೆ. ಫೋಟೋದಲ್ಲಿ ನೋಡಿದ ಜಾಗದಲ್ಲೇ ನಿಂತರೆ ಮರ ಅಡ್ಡ ಬರಬಹುದು. ಎಲ್ಲಿ ನಿಲ್ಲಬೇಕೆಂದು ತೋರಿಸಲಿಕ್ಕೇ ಗೈಡ್ ಬೇಕು.

ಸೂರ್ಯ ಮುಳುಗಿದ ಮೇಲೆ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ? ಆಕಾಶ ಕೆಂಪೇರುವುದೇ ಆಗ. ಡ್ರೈವರ್ ಹಾರ್ನ್ ಹೊಡೆಯಲು ಶುರುಮಾಡುವುದೂ ಆಗಲೇ. 20 ನಿಮಿಷವಾದರೂ ನಿಲ್ಲಬೇಕು, ಆದರೆ ಗೇಟು ಮುಚ್ಚುವ ವೇಳೆಯನ್ನು ಗೈಡ್ ಅದೇ ದಿನ ವಿಚಾರಿಸಿರಬೇಕು. ಒಬ್ಬೊಬ್ಬರಿಗೂ ಒಂದು ಟಾರ್ಚ್ ಇರಲಿ, ಮೊಬೈಲ್ ಬೆಳಕು ನೆಚ್ಚಬೇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯಾಸ್ತಕ್ಕೆಂದು ಹಣ ಕೊಡಲೇಬೇಡಿ. ಕಣಿವೆ ತುಂಬ ಮಂಜು, ಕಾಲಿಗೆ ಉಂಬಳ (ಜಿಗಣೆ). ಆಗ ಮಾಗೋಡು ನೋಡಲಿಕ್ಕಷ್ಟೇ ಹೋಗಿ. ಮಾರ್ಚಿ ಬಂತೆಂದರೆ ದೂರದ ಸಾಲು ಮಸುಕಾಗುತ್ತದೆ. ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್ ನನ್ನ ಆಯ್ಕೆ.

ದರ ಕೊನೆಗೆ. ಪಾರ್ಕಿಂಗ್, ಪ್ರವೇಶ ಶುಲ್ಕ, ಡ್ರೈವರ್ ಊಟ ಎಲ್ಲ ಸೇರಿತೋ ಇಲ್ಲವೋ, ಗಾಡಿ ನಿಮಗೊಬ್ಬರಿಗೋ ಅಥವಾ ಬೇರೆಯವರೂ ಹತ್ತುತ್ತಾರೋ ಕೇಳಿ. ಬೇರೆಯವರಿದ್ದರೆ ಪ್ರತಿ ಹೋಟೆಲ್ ಎದುರು ಕಾದು ಕಾದು ಸಂಜೆಯ ಆ 45 ನಿಮಿಷವೇ ಕರಗಿಹೋಗುತ್ತದೆ.