ಬಳಸುವವರಿಗೆ ಹೊಂದುವ ಒಳಾಂಗಣ: ಎಲ್ಲಿಂದ ಆರಂಭಿಸಬೇಕು?

ಮನೆಯ ಒಳಾಂಗಣವನ್ನು ಬದಲಿಸಲು ಹೊರಟವರು ಸಾಮಾನ್ಯವಾಗಿ ಗೋಡೆಯ ಬಣ್ಣದಿಂದ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ತೀರ್ಮಾನಿಸಬೇಕು. ಮೊದಲು ಒಂದು ವಾರ ಏನನ್ನೂ ಕೊಳ್ಳದೆ, ಮನೆಯಲ್ಲಿ ಯಾವ ವಸ್ತು ಎಲ್ಲಿ ರಾಶಿ ಬೀಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಶಾಲೆಯ ಚೀಲ ದಿನವೂ ಊಟದ ಮೇಜಿನ ಕುರ್ಚಿಯನ್ನೇ ಸೇರುತ್ತಿದ್ದರೆ, ಮಗುವನ್ನು ಗದರಿಸುವುದಕ್ಕಿಂತ ಅದರ ಕೈಗೆಟಕುವ ಎತ್ತರದಲ್ಲಿ ಬಾಗಿಲ ಬಳಿ ಒಂದು ಗೂಟ ಹೊಡೆಸುವುದು ಮೇಲು. ಹೊಸ ಕಪಾಟು ಎಲ್ಲಿರಬೇಕೆಂಬುದನ್ನು ಈ ರಾಶಿಗಳೇ ತೋರಿಸುತ್ತವೆ.

ಅನಂತರ ಅಳತೆಯ ಕೆಲಸ. ಕೊಳ್ಳಬೇಕೆಂದಿರುವ ಸೋಫಾ ಅಥವಾ ಮೇಜಿನ ಗಾತ್ರಕ್ಕೆ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, ಎರಡು ದಿನ ಅದನ್ನು ತುಳಿಯದೆ ಅದರ ಸುತ್ತ ಓಡಾಡಿ ನೋಡಿ. ಮುಖ್ಯ ಓಡಾಟದ ದಾರಿಗೆ 75ರಿಂದ 90 ಸೆಂ.ಮೀ. ಅಗಲ ಬೇಕು; ಸೋಫಾಕ್ಕೂ ಟೀಪಾಯಿಗೂ ನಡುವೆ ಸುಮಾರು 45 ಸೆಂ.ಮೀ. ಸಾಕು, ಊಟದ ಮೇಜಿನಲ್ಲಿ ಒಬ್ಬೊಬ್ಬರಿಗೂ 60 ಸೆಂ.ಮೀ. ಅಗಲವನ್ನೂ, ಕುರ್ಚಿಯನ್ನು ಹಿಂದಕ್ಕೆ ಎಳೆದು ಏಳಲು ಮೇಜಿನ ಹಿಂದೆ ಸುಮಾರು 90 ಸೆಂ.ಮೀ. ಜಾಗವನ್ನೂ ಬಿಡಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ತಗ್ಗಾದ, ಆಳವಾದ ಸೋಫಾ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಸುಮಾರು 45 ಸೆಂ.ಮೀ. ಎತ್ತರದ, ಕೈಹಿಡಿಯಿರುವ ಗಟ್ಟಿ ಆಸನದಿಂದ ಏಳುವುದು ಅವರಿಗೆ ಸುಲಭ. ಕೊಂಡ ಸೋಫಾ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂಬುದನ್ನೂ ಮೊದಲೇ ಅಳೆಯಿರಿ. ಇದನ್ನು ಮರೆಯುವವರು ಕಡಿಮೆಯಿಲ್ಲ.

ಹೆಚ್ಚು ಗಮನ ಬೇಡುವುದು ಬೆಳಕು. ಚಾವಣಿಯ ನಡುವೆ ಒಂದೇ ಪ್ರಖರ ದೀಪವಿದ್ದರೆ, ಗೋಡೆಯತ್ತ ಮುಖಮಾಡಿ ಓದುವವರ ಅಥವಾ ತರಕಾರಿ ಹೆಚ್ಚುವವರ ನೆರಳು ಅವರ ಕೆಲಸದ ಮೇಲೆಯೇ ಬೀಳುತ್ತದೆ. ಆದ್ದರಿಂದ ಕೋಣೆಗೆಲ್ಲ ಹರಡುವ ಸಾಧಾರಣ ಬೆಳಕಿನ ಜೊತೆಗೆ, ಅಡುಗೆಕಟ್ಟೆಯ ಮೇಲಿನ ಕಪಾಟಿನ ಕೆಳಗೆ, ಓದುವ ಕುರ್ಚಿಯ ಪಕ್ಕದಲ್ಲಿ, ಹಾಸಿಗೆಯ ಬದಿಯಲ್ಲಿ ಬೇರೆ ಬೇರೆ ಸ್ವಿಚ್ಚುಗಳಿರುವ ಸಣ್ಣ ದೀಪಗಳನ್ನು ಕೂಡಿಸಿ. ಬಲ್ಬು ಕೊಳ್ಳುವಾಗ ವ್ಯಾಟ್ ಮಾತ್ರ ನೋಡಿದರೆ ಸಾಲದು: ಬೆಳಕಿನ ಪ್ರಮಾಣವನ್ನು ಲುಮೆನ್‌ನಲ್ಲಿಯೂ, ಅದರ ಛಾಯೆಯನ್ನು ಕೆಲ್ವಿನ್‌ನಲ್ಲಿಯೂ ಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ. ವಿಶ್ರಾಂತಿಯ ಕೋಣೆಗಳಿಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಮಿಶ್ರಿತ ಬೆಳಕು ಹಿತ. ಕೆಲಸದ ಜಾಗಕ್ಕೆ 4000 ಕೆಲ್ವಿನ್ ಹೊಂದುತ್ತದೆ. ಒಂದೇ ಕೋಣೆಯಲ್ಲಿ ಎರಡನ್ನೂ ಒಟ್ಟಿಗೆ ಉರಿಸಿದರೆ ಗೋಡೆ ಅಲ್ಲಲ್ಲಿ ಬೇರೆ ಬಣ್ಣವಾಗಿ ಕಾಣುತ್ತದೆ.

ಚಿತ್ರಗಳನ್ನು, ಅವುಗಳ ಮಧ್ಯಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರದಲ್ಲಿರುವಂತೆ ತೂಗುಹಾಕಿ. ಮಕ್ಕಳಿರುವ ಮನೆಯಲ್ಲಿ ಎತ್ತರದ ಕಪಾಟುಗಳನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯುವುದು ಕಡ್ಡಾಯವೆಂದೇ ತಿಳಿಯಿರಿ, ಏಕೆಂದರೆ ತೆರೆದ ಡ್ರಾಯರುಗಳನ್ನು ಮಕ್ಕಳು ಮೆಟ್ಟಿಲಾಗಿ ಬಳಸಿ ಹತ್ತಿದಾಗ ಕಪಾಟು ಮುಂದಕ್ಕೆ ಮಗುಚಬಹುದು.

ಈಗ ಬಣ್ಣದ ಸರದಿ. ದೀಪ ಬದಲಾದರೆ ಬಣ್ಣವೂ ಬೇರೆಯಾಗಿ ಕಾಣುವುದರಿಂದಲೇ ಅದನ್ನು ಇಲ್ಲಿಯವರೆಗೆ ತಡೆದದ್ದು. ಅಂಗಡಿಯ ಬಣ್ಣದ ಚೀಟಿಯನ್ನು ನಂಬದೆ, ದೊಡ್ಡ ರಟ್ಟಿನ ಮೇಲೆ ಎರಡು ಕೋಟು ಬಳಿದು, ಅದನ್ನು ಬೇರೆ ಬೇರೆ ಗೋಡೆಗಳಿಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ ಹಾಗೂ ದೀಪ ಹಚ್ಚಿದ ಮೇಲೆ ನೋಡಿ. ಹೊಳಪಿಲ್ಲದ ಬಣ್ಣ ಗೋಡೆಯ ಉಬ್ಬುತಗ್ಗುಗಳನ್ನು ಮರೆಮಾಡುತ್ತದೆಯಾದರೂ ಅದರ ಮೇಲಿನ ಕಲೆ ಬೇಗ ಹೋಗುವುದಿಲ್ಲ; ಓಡಾಡುವಾಗ ಕೈ ತಾಗುವ ಮನೆಯೊಳಗಿನ ದಾರಿಯ ಗೋಡೆಗೂ ಮಕ್ಕಳ ಕೋಣೆಗೂ ಒರೆಸಲು ಬರುವ, ತುಸು ಹೊಳಪಿನ ಬಣ್ಣವನ್ನೇ ಆರಿಸಿ.