ಪೆಲೆಟ್ ಡಬ್ಬಿ ಬಂದ ತಕ್ಷಣ ಕನ್ನಡಿ ಮೇಲೆ ಉರುಳಿಸಿ ನೋಡಿ

ಏರ್ ರೈಫಲ್ ಕಲಿಯುತ್ತಿರುವ ದಾವಣಗೆರೆ, ಚಿತ್ರದುರ್ಗದವರಿಗೆ: ಕೊರಿಯರ್‌ನಲ್ಲಿ ತರಿಸಿದ ಪೆಲೆಟ್‌ಗಳನ್ನು (ರೈಫಲ್ಲಿಗೆ ಹಾಕುವ ಪುಟ್ಟ ಗುಂಡು) ಹಾಗೇ ಹೊಡೆಯಬೇಡಿ. ಕನ್ನಡಿಯೊಂದನ್ನು ಸ್ವಲ್ಪ ಓರೆಯಾಗಿ ಇಟ್ಟು, ಒಂದೇ ಜಾಗದಿಂದ ಒಂದೊಂದಾಗಿ ಉರುಳಿಸಿ. ಪೆಲೆಟ್‌ನ ಬುಡ ತಲೆಗಿಂತ ತುಸು ಅಗಲ, ಹಾಗಾಗಿ ಅದು ನೇರ ಹೋಗದೆ ಬಾಗಿ ಉರುಳುತ್ತದೆ. ಸರಿಯಿದ್ದವೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಬಂದು ಸೇರುತ್ತವೆ. ಬುಡ ನೆಗ್ಗಿದ್ದು ಕುಂಟುತ್ತಾ ಬೇರೆ ದಾರಿ ಹಿಡಿಯುತ್ತದೆ. ಬುಡದ ಅಂಚು ನಳಿಗೆಗೆ ಸರಿಯಾಗಿ ಕೂರದಿದ್ದರೆ ಗಾಳಿ ಸೋರಿ ಗುರಿ ತಪ್ಪುತ್ತದೆ. 10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್ ಅಲ್ವಾ! ನಮ್ಮ ಕಡೆ ಸುಲಭಕ್ಕೆ ಸಿಗುವ ಮಾಲಲ್ಲ, ಅದಕ್ಕೇ ನೆಗ್ಗಿದ್ದನ್ನೂ ಎಸೆಯಬೇಡಿ, ಟ್ರಿಗರ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಇಕ್ಕಳದಲ್ಲಿ ಸರಿ ಮಾಡಲು ಹೋದರೆ ಇನ್ನೂ ಕೆಡುತ್ತದೆ. ಪೆಲೆಟ್ ಸೀಸದ್ದು, ಬೆಣ್ಣೆ ದೋಸೆಗೆ ಕೈ ಹಾಕುವ ಮುಂಚೆ ಸೋಪು ಹಚ್ಚಿ ತೊಳೆಯಿರಿ. ತೂಕದ ವ್ಯತ್ಯಾಸ ಮಾತ್ರ ಹೀಗೆ ಗೊತ್ತಾಗಲ್ಲ, ಅದಕ್ಕೆ ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯೇ ಬೇಕು. ಇನ್ನೂ ರೈಫಲ್ ಹಿಡಿದ ಕೈ ನಡುಗುವ ಹಂತದಲ್ಲಿದ್ದೀರಾ? ಹಾಗಾದರೆ ಈ ಶ್ರಮ ಸದ್ಯಕ್ಕೆ ಸುಮ್ನೆ ದಂಡ, ಡಬ್ಬಿಯಿಂದ ತೆಗೆದು ಹೊಡೆಯಿರಿ.